ಮಲಗಿದಾಗ ಸರಿಯಿದ್ದ ಹೃದಯ

ಟಪಾಲು ಹಂಚುವ ಅವಳನ್ನು ಬಡಾವಣೆಯವರೆಲ್ಲ ಅಂಚೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅವರ ಮೆಟ್ಟಿಲು ಹತ್ತಿಳಿದವಳು. ಐವತ್ತು ದಾಟಿದ ಮೇಲೆ, ಚೀಲ ಹೊತ್ತು ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಯಾರೋ ಹಿಂಡಿದಂತೆ ಎದೆ ಬಿಗಿಯತೊಡಗಿತು. ಐದು ನಿಮಿಷ ಕೂತರೆ ಸಡಿಲವಾಗುತ್ತಿತ್ತು.

“ಗ್ಯಾಸ್ ಇರ್ಬೇಕು ಬಿಡೆ,” ಅಂದ ಗಡಿಯಾರ ರಿಪೇರಿ ಮಾಡುವ ಗಂಡ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ಮಲಗಿಸಿ ಹೃದಯದ ಎಕೋ ಸ್ಕ್ಯಾನೂ ಮಾಡಿದರು. “ಹೃದಯ ಚೆನ್ನಾಗಿದೆಯಮ್ಮ,” ಅಂದರು ಡಾಕ್ಟರು. ಹೀಗೇ ಒಂದಲ್ಲ, ಮೂರು ಸಲ. ಮೂರನೇ ಸಲ ಅವಳ ತಾಳ್ಮೆ ಕೆಟ್ಟಿತು.

“ಮಲಗಿದ್ರೆ ಚೆನ್ನಾಗೇ ಇರತ್ತೆ ಸಾರ್. ನಾನು ಮಲಗ್ಕೊಂಡು ಕಾಗದ ಹಂಚಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಹೃದಯವನ್ನು ದುಡಿಸಿ ನೋಡುವ ಸ್ಟ್ರೆಸ್ ಎಕೋ ಬರೆದುಕೊಟ್ಟರು.

ರಜೆ ಹಾಕಿ ಹೋದ ದಿನ ನರ್ಸ್ ಕೇಳಿದಳು, “ಬಿಪಿ ಮಾತ್ರೆ ತಗೊಂಡ್ರಾ?”

“ದಿನಾ ತಗೋತೀನಲ್ಲ.”

“ಈ ಮಾತ್ರೆ ಎದೆಬಡಿತ ಏರೋಕೇ ಬಿಡಲ್ಲಮ್ಮ. ಡಾಕ್ಟರನ್ನ ಕೇಳಿ ಮೊದಲೇ ನಿಲ್ಲಿಸ್ಬೇಕಿತ್ತು.”

“ನಂಗ್ಯಾರು ಹೇಳಿದ್ರು?”

ನರ್ಸ್ ಚೀಟಿ ತಿರುಗಿಸಿ ನೋಡಿದಳು. ಅದರಲ್ಲಿ ಬರೆದಿರಲಿಲ್ಲ. ಮತ್ತೆ ಮೂರು ವಾರ ಕಾಯಬೇಕಾಯಿತು.

ಎರಡನೇ ಸಲ ಟ್ರೆಡ್‌ಮಿಲ್ ಹತ್ತಿಸಿದರು. ಎದೆ ಬಿಗಿಯುವ ಮೊದಲೇ ಎಡ ಮೊಣಕಾಲು ಕೈಕೊಟ್ಟಿತು. ಬಡಿತ ಬೇಕಾದಷ್ಟು ಏರಿರಲಿಲ್ಲ. ‘ಏನೂ ಹೇಳಲಾಗದು’ ಎಂದಿತು ವರದಿ. ಬಸ್‌ಸ್ಟಾಪಿನಲ್ಲಿ ನಿಂತು ಅದನ್ನೇ ನಾಲ್ಕು ಸಲ ಓದಿದಳು, ಮೈ ಪರಚಿಕೊಳ್ಳುವಂತಾಯಿತು.

ಮೂರನೇ ಸಲ ಓಡಿಸಲಿಲ್ಲ. ಎಡಮಗ್ಗುಲಿಗೆ ಮಲಗಿಸಿ, ಕೈಯ ನರಕ್ಕೆ ಔಷಧಿ ಹರಿಸಿ ಬಡಿತ ಏರಿಸಿದರು. ತಣ್ಣನೆಯ ಜೆಲ್ ಹಚ್ಚಿದ ಟೆಕ್ನಿಷಿಯನ್ ಪಕ್ಕೆಲುಬಿನ ಸಂದಿಗೆ ಯಂತ್ರದ ತುದಿ ಒತ್ತಿ ಹಿಡಿದಿದ್ದಳು. ಎದೆ ದಡದಡನೆ ಹೊಡೆದುಕೊಂಡಿತು. ಆಮೇಲೆ ಅದೇ ಹಿಂಡುವ ನೋವು.

“ಬಂತು. ಇದೇ ಅದು,” ಅಂದಳು ಅಂಚೆಯಕ್ಕ.

ಔಷಧಿ ನಿಲ್ಲಿಸಿ, ನೋವು ಇಳಿಯುವವರೆಗೆ ಕಾದು, ಡಾಕ್ಟರು ಪರದೆ ತೋರಿಸಿದರು. “ಸುತ್ತಲ ಗೋಡೆ ಜೋರಾಗಿ ಹಿಂಡ್ತಿದೆ, ಮುಂದಿನ ಭಾಗ ಮಾತ್ರ ಸೋತಿದೆ ನೋಡಿ. ದುಡಿಯುವಾಗ ಅಲ್ಲಿಗೆ ರಕ್ತ ಸಾಲ್ತಿಲ್ಲ.”

“ಎರಡು ವರ್ಷದಿಂದ ನಾನು ಇನ್ನೇನು ಹೇಳ್ತಿದ್ದೆ ಸಾರ್?”

ಸಂಕಟದ ನಡುವೆಯೂ ಅವಳಿಗೆ ಹಗುರವೆನಿಸಿತು, ಅದರ ಬೆನ್ನಿಗೇ ಅಳುವಷ್ಟು ಸಿಟ್ಟು ಬಂತು.

ಕಿರಿದಾಗಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಎರಡು ತಿಂಗಳಲ್ಲಿ ಮೂರು ಮಹಡಿ ನಿಲ್ಲದೆ ಹತ್ತಿದಳು. ಡಾಕ್ಟರೂ ಕೆಲಸಕ್ಕೆ ಹೋಗಬಹುದೆಂದು ಬರೆದುಕೊಟ್ಟರು. ಆದರೆ ಪೋಸ್ಟ್‌ಮಾಸ್ಟರು ಅವಳನ್ನು ಕಾಗದ ವಿಂಗಡಿಸುವ ಮೇಜಿಗೆ ಹಾಕಿದರು. “ನಿಮ್ಮ ಒಳ್ಳೇದಕ್ಕೇ ಅಕ್ಕ.”

“ಆಗದಿದ್ದಾಗ ಹತ್ತಿಸಿದ್ರು, ಆಗೋವಾಗ ಕೂರಿಸಿದಾರೆ,” ಎಂದು ಮನೆಯಲ್ಲಿ ಚಪ್ಪಲಿ ಕಳಚಿ ಎಸೆದಳು. ಗಂಡ ಕೈಯಲ್ಲಿದ್ದ ಗಡಿಯಾರ ಪಕ್ಕಕ್ಕಿಟ್ಟ. ಹಾಳೆ ತಂದು, ಮತ್ತೆ ಟಪಾಲು ಹಂಚುವ ಕೆಲಸಕ್ಕೇ ಹಾಕಿ ಎಂದು ಅವಳು ಹೇಳಿದಂತೆ ಅರ್ಜಿ ಬರೆಯಲು ಕೂತ. ಅದು ಮೂರನೆಯ ಅರ್ಜಿ.