ಕೊನೆಯ ಬೆಂಚಿನ ದೊಡ್ಡ ಮೇಡಂ

ಮೊನ್ನೆ ಮಂಗಳವಾರ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಹಿಂದಿನ ಮೇಜಿನಲ್ಲಿ ಯಾರೋ ಬುತ್ತಿ ಬಿಚ್ಚಿದರು. ಗುರೆಳ್ಳು ಹಿಂಡಿಯ ವಾಸನೆ. ಹುರಿದ ಗುರೆಳ್ಳಿಗೆ ಬಳ್ಳೊಳ್ಳಿ, ಖಾರ ಹಾಕಿ ಕುಟ್ಟಿದ್ದು, ಮೂಗಿಗೆ ಬಡಿದರೆ ಸಾಕು, ಉಂಡವರಿಗೂ ಮತ್ತೆ ಹಸಿವಾಗಬೇಕು. ನಾನು ತಲೆ ಎತ್ತದೆಯೇ, “ಇವತ್ತೂ ಬಸ್ ಲೇಟಾತೇನ್ರಿ ಮೇಡಂ?” ಅಂದುಬಿಟ್ಟೆ.

“ಏನಂದ್ರಿ ಮೇಡಂ?” ಅಂತು ಒಂದು ಎಳೆಯ ದನಿ. ತಿರುಗಿ ನೋಡಿದರೆ ಈ ವರ್ಷ ಹೊಸದಾಗಿ ಸೇರಿದ ಅತಿಥಿ ಉಪನ್ಯಾಸಕಿ, ರೊಟ್ಟಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. “ಏನಿಲ್ಲವಾ, ನೀ ಉಣ್ಣು” ಅಂದೆ. ಬುತ್ತಿಗೆ ಅದೇ ಹಿಂಡಿ ಕಟ್ಟಿಕೊಂಡು, ಬಸ್ ಲೇಟಾಗಿ ಬರುತ್ತಿದ್ದವರನ್ನು ಹಿಂದಿನ ವಾರವಷ್ಟೇ ಸುರಪುರದಲ್ಲಿ ಮಣ್ಣು ಮಾಡಿ ಬಂದಿದ್ದೆವು… ಮೂಗಿಗೆ ಅದು ಇನ್ನೂ ಗೊತ್ತಾಗಿರಲಿಲ್ಲ.

ಹುಡುಗರು ಅವರನ್ನು ದೊಡ್ಡ ಮೇಡಂ ಅಂತಿದ್ದರು, ನನ್ನನ್ನು ಸಣ್ಣ ಮೇಡಂ. ಶಹಾಪುರದ ಈ ಕಾಲೇಜಿನ ಅರ್ಥಶಾಸ್ತ್ರ ವಿಭಾಗ ಅಂದರೆ ಆಗ ನಾವಿಬ್ಬರೇ. ದೊಡ್ಡವರು ಅಂದರೆ ಹುದ್ದೆಯಲ್ಲಿ ದೊಡ್ಡವರೆಂದು ತಿಳಿಯಬೇಡಿ. ಇಬ್ಬರೂ ತಾಸಿನ ಲೆಕ್ಕದ ಅರೆಕಾಲಿಕ ಉಪನ್ಯಾಸಕಿಯರು. ಪ್ರತಿ ಜೂನ್ ತಿಂಗಳು ಬಂದಾಗ, ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಎದೆ ಹಿಡಿದುಕೊಂಡು ಕೂಡುವ ಜಾತಿ. ಅವರಿಗೆ ಹಾಗೆ ಕೂತು ಹತ್ತು ವರ್ಷದ ಅಭ್ಯಾಸವಿತ್ತು, ನನಗೆ ಅದೇ ಮೊದಲು. ಅವರು ಸುರಪುರದಿಂದ ಬರುತ್ತಿದ್ದರು. ನಾನು ಮುದನಾಳದಿಂದ ಯಾದಗಿರಿಗೆ ಬಂದು, ಅಲ್ಲಿ ಬಸ್ ಹಿಡಿದು, ಭೀಮೆಯ ಸೇತುವೆ ದಾಟಿ ಬರುತ್ತಿದ್ದೆ. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಆದರೆ ಶಹಾಪುರದ ಸುತ್ತ ಕಾಲುವೆ ನೀರು ಹರಿದು, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು.

ಎಂ.ಎ.ಯಲ್ಲಿ ಒಳ್ಳೆಯ ಅಂಕ ಬಂದಿದ್ದವು ನೋಡಿ, ನನಗೆ ಕೋಡು ಮೂಡಿತ್ತು. ಮೊದಲ ದಿನವೇ ಕಲಬುರಗಿಯಲ್ಲಿ ಬರೆದುಕೊಂಡ ನೋಟ್ಸ್ ತೆಗೆದು, ಪುಸ್ತಕದ ಕನ್ನಡದಲ್ಲಿ ಗಡಗಡ ಓದಿದೆ. ಕ್ಲಾಸು ತುಟಿ ಪಿಟಕ್ಕೆನ್ನದೆ ಕೂತಿತ್ತು. ಭಲೇ, ಎಷ್ಟು ಚೆನ್ನಾಗಿ ಕೇಳುತ್ತಿದ್ದಾರೆ ಅಂದುಕೊಂಡೆ. ವಾರ ಕಳೆದು ಒಂದು ಪ್ರಶ್ನೆ ಕೇಳಿದಾಗಲೇ ಗೊತ್ತಾದದ್ದು, ಒಬ್ಬರಿಗೂ ಒಂದಕ್ಷರ ತಿಳಿದಿರಲಿಲ್ಲ. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ತೆಲುಗು ಮಾತಾಡುವ ಹುಡುಗಿಯರು, ಮನೆಯಲ್ಲಿ ದಖನಿ ಉರ್ದು ಮಾತಾಡುವ ಹುಡುಗರು, ನನ್ನಂತೆಯೇ ಕೂಲಿಯವರ ಮನೆಯಿಂದ ಬಂದ ಮಕ್ಕಳು, ಎಲ್ಲರೂ ನನ್ನ ಮರ್ಯಾದೆಗೆ ಸುಮ್ಮನೆ ಕೂತಿದ್ದರು. ಸ್ಟಾಫ್ ರೂಮಿಗೆ ಬಂದು ಮುಖಕ್ಕೆ ಸೆರಗು ಹಿಡಿದು ಅತ್ತೆ. ದೊಡ್ಡ ಮೇಡಂ ನೋಡಿದರು.

ಮರುದಿನ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಅವರು ಕೂತಿದ್ದರು! ತೂಕದ ಹೆಂಗಸು, ಬೆಂಚಿನ ಸಂದಿಯಲ್ಲಿ ಹೇಗೋ ತೂರಿಕೊಂಡು, ಹುಡುಗಿಯರ ಪಕ್ಕದಲ್ಲಿ. ನಾನು ಬೇಡಿಕೆಯ ನಿಯಮ ಶುರು ಮಾಡಿದ್ದೆ. ಅವರು ಕೈ ಎತ್ತಿದರು.

“ಮೇಡಂ, ನನಗ ತಿಳೀಲಿಲ್ರಿ. ರೇಟ್ ಏರಿದ್ರ ಮಂದಿ ಕಡಿಮಿ ತಗೋತಾರ ಅಂದ್ರಿ. ಬಂಗಾರದ ರೇಟ್ ಏರೇದಂತ ಮದಿವಿ ನಿಂತಾವೇನ್ರಿ?”

ಕ್ಲಾಸು ಹೋ ಎಂದು ನಕ್ಕಿತು. ಮುಂದಿನ ಬೆಂಚಿನ ಹುಡುಗನೊಬ್ಬ, “ನಿಲ್ಲಂಗಿಲ್ರಿ, ಆದ್ರ ನಮ್ಮಕ್ಕಗ ಹಾಕೋ ಸರ ಸಣ್ಣದಾತ್ರಿ” ಅಂದ. ಇನ್ನೊಬ್ಬಳು ಇಲ್ಲ ಅಂದಳು, ಮತ್ತೊಬ್ಬ ಹೌದು ಅಂದ. ಗಂಟೆ ಹೊಡೆದರೂ ಜಗಳ ಮುಗಿಯಲಿಲ್ಲ. ನನಗೆ ಮಾತ್ರ ಕಿವಿ ಕೆಂಪಾಗಿತ್ತು. ಹಿರಿಯರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಸಿಟ್ಟು. ಹೊರಗೆ ಬಂದು ಕೇಳಿಯೂ ಬಿಟ್ಟೆ, ನನ್ನನ್ನು ಯಾಕೆ ಹಾಗೆ ನಗೆಪಾಟಲು ಮಾಡಿದಿರಿ ಎಂದು.

“ನಕ್ಕಿದ್ದು ನಿನಗಲ್ಲವಾ, ನನಗ” ಅಂದರು. “ತಿಳೀಲಿಲ್ಲ ಅಂತ ಯಾರರೆ ಒಬ್ರು ಮೊದಲ ಬಾಯಿ ಬಿಡಬೇಕು. ಹುಡುಗ್ರಿಗೆ ನಾಚಿಕಿ ಬರ್ತದ. ನನಗ್ಯಾವ ನಾಚಿಕಿ?”

ಅದು ಅವರ ಪದ್ಧತಿಯೇ ಆಯಿತು. ಬಿಡುವು ಸಿಕ್ಕಾಗಲೆಲ್ಲ ನನ್ನ ಕ್ಲಾಸಿನ ಕೊನೆಯ ಬೆಂಚು ಅವರದು. ದಡ್ಡ ಪ್ರಶ್ನೆ ಕೇಳುವುದರಲ್ಲಿ ಅವರಷ್ಟು ಜಾಣರನ್ನು ನಾನು ಆಮೇಲೆಯೂ ಕಂಡಿಲ್ಲ. ಕೇಳುವಾಗ ಮುಖ ಎಷ್ಟು ಮುಗ್ಧವಾಗಿರುತ್ತಿತ್ತು ಎಂದರೆ, ಒಮ್ಮೊಮ್ಮೆ ನನಗೇ ಅನುಮಾನ ಬರುತ್ತಿತ್ತು. ದೀಪಾವಳಿಯ ಹೊತ್ತಿಗೆ ನಾನು ನೋಟ್ಸ್ ಮನೆಯಲ್ಲೇ ಬಿಟ್ಟು ಬರಲು ಕಲಿತೆ.

ಕಾಲುವೆಗೆ ನೀರು ಬಿಟ್ಟರೆ ಇನ್ನೊಂದು ಕಷ್ಟ. ನಾಟಿ ಶುರುವಾಗುತ್ತಿತ್ತು. ಇಂದು ತುಂಬಿದ ಕ್ಲಾಸು ನಾಳೆ ಅರ್ಧ ಖಾಲಿ. ಹುಡುಗಿಯರೆಲ್ಲ ಅವ್ವಂದಿರ ಜೊತೆ ಟಂಟಂ ಗಾಡಿ ಹತ್ತಿ ಗದ್ದೆಗೆ ಹೋಗುತ್ತಿದ್ದರು. ಪಾಠ ಮುಗಿಸಲೇಬೇಕೆಂದು ನಾನು ಖಾಲಿ ಬೆಂಚುಗಳಿಗೇ ಪಾಠ ಹೇಳಿದೆ. ದೊಡ್ಡ ಮೇಡಂ ತಮ್ಮ ಕ್ಲಾಸಿನಲ್ಲಿ ಮುಂದಿನ ಪಾಠ ಮುಟ್ಟಲೇ ಇಲ್ಲ. ಇದ್ದವರಿಗೆ ಹಳೆಯದನ್ನೇ ತಿರುವಿ ಹಾಕಿ, ಹೊಸ ಹೊಸ ಲೆಕ್ಕ ಮಾಡಿಸುತ್ತಾ ಕಾಲ ತಳ್ಳಿದರು. ನಾಟಿ ಮುಗಿಸಿ, ಕೆಸರಿನಲ್ಲಿ ಬೆರಳ ಸಂದಿ ಹುಣ್ಣಾದ ಹುಡುಗಿಯರು ಕುಂಟುತ್ತಾ ವಾಪಸ್ ಬಂದಾಗ, “ಬರ್ರಿವಾ, ನಿಮಗೇ ಕಾಯಾಕತ್ತಿದ್ದೆ” ಎಂದು ಆ ಹುಡುಗಿಯರು ಬಿಟ್ಟುಹೋದ ಪುಟವನ್ನೇ ತೆಗೆದರು. ಪಾಠ ಯಾಕೆ ಹಿಂದೆ ಬಿತ್ತು ಎಂದು ಪ್ರಾಂಶುಪಾಲರು ಕೇಳಿದರೆ ಬೈಸಿಕೊಂಡರು. ಪರೀಕ್ಷೆಗೆ ಮುಂಚೆ ಭಾನುವಾರಗಳಲ್ಲಿ ಬಂದು ಮುಗಿಸಿಕೊಟ್ಟರು. ಭಾನುವಾರದ ತಾಸಿಗೆ ಯಾರೂ ಸಂಬಳ ಕೊಡುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲವೆ?

ಅದೇ ವರ್ಷ ನಾನೊಂದು ವಿಚಾರ ಸಂಕಿರಣಕ್ಕೆ ಪ್ರಬಂಧ ಬರೆದಿದ್ದೆ, ನಾಟಿ ಹೆಂಗಸರ ದುಡಿಮೆಯ ಬಗ್ಗೆ. ಹೊಸ ಸೀರೆ ಉಟ್ಟು ಹೋದೆ. ಬೆಳಗಿನಿಂದ ಶಾಲು, ಹಾರ, ಭಾಷಣದಲ್ಲೇ ಹೊತ್ತು ಹೋಗಿ, ನನ್ನ ಸರದಿ ಬಂದಾಗ “ಎರಡೇ ನಿಮಿಷದಲ್ಲಿ ಮುಗಿಸಿ” ಅಂದರು. ಶೀರ್ಷಿಕೆ ಓದಿ, ವಂದನೆ ಹೇಳಿ ಇಳಿದೆ. ಮರುದಿನ ಸಂಜೆ ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ಇದನ್ನು ಹೇಳಿದಾಗ ದೊಡ್ಡ ಮೇಡಂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಕಲ್ಲುಬೆಂಚಿನ ಮೇಲೆ ನನ್ನನ್ನು ಕೂಡಿಸಿ, “ಈಗ ಪೂರಾ ಓದು” ಅಂದರು. ಓದಿದೆ. ಸುರಪುರದ ಬಸ್ ಬಂತು, ಹೋಯಿತು. ಇನ್ನೊಂದೂ ಬಂದು ಹೋಯಿತು. ಅವರು ಏಳಲಿಲ್ಲ. ನನ್ನ ಆ ಪ್ರಬಂಧವನ್ನು ಪೂರ್ತಿ ಕೇಳಿದವರು ಜಗತ್ತಿನಲ್ಲಿ ಅವರೊಬ್ಬರೇ.

ಮುಂದೆ ಮೂರ್ನಾಲ್ಕು ವರ್ಷಕ್ಕೆ ವಿಭಾಗಕ್ಕೆ ಒಂದು ಕಾಯಂ ಹುದ್ದೆ ಮಂಜೂರಾಯಿತು. ಒಂದೇ ಒಂದು. ದೊಡ್ಡ ಮೇಡಂಗೆ ವಯೋಮಿತಿ ಮುಗಿಯಲು ಬಂದಿತ್ತು, ಅವರಿಗೆ ಅದೇ ಕೊನೆಯ ಅವಕಾಶ. ನಾನು ಅರ್ಜಿ ಹಾಕುವುದಿಲ್ಲ ಅಂದೆ. ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು. “ನನಗ ಭಿಕ್ಷೆ ಹಾಕ್ತೀಯೇನ? ಅರ್ಜಿ ಹಾಕಲಿಲ್ಲಂದ್ರ ನಾಳಿಂದ ನನ್ನ ಕೂಡ ಮಾತಾಡಬ್ಯಾಡ” ಅಂದರು. ತಾವೇ ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ ಎರಡೂ ಲಕೋಟೆಗಳನ್ನು ಒಟ್ಟಿಗೆ ಹಾಕಿಸಿದರು.

ಸಂದರ್ಶನ ನಡೆದದ್ದು ನಮ್ಮ ಕಾಲೇಜಿನಲ್ಲೇ, ಮೇ ತಿಂಗಳ ಬಿಸಿಲಲ್ಲಿ. ಪ್ರತಿಯೊಬ್ಬ ಅಭ್ಯರ್ಥಿಯೂ ಸಮಿತಿಯ ಮುಂದೆ ಪಾಠ ಮಾಡಿ ತೋರಿಸಬೇಕಿತ್ತು. ರಜೆಯ ದಿನಗಳು, ಹುಡುಗರಿರಲಿಲ್ಲ. ಹಾಗಾಗಿ ಉಳಿದ ಅಭ್ಯರ್ಥಿಗಳನ್ನೇ ಬೆಂಚಿನ ಮೇಲೆ ಕೂಡಿಸಿ, ನೀವೇ ವಿದ್ಯಾರ್ಥಿಗಳು ಅಂದರು. ನನಗೆ ಬಂದ ವಿಷಯ ಇಳಿಮುಖ ಪ್ರತಿಫಲ ನಿಯಮ. ಸಮಿತಿಯವರಿಗೆ ನಮಸ್ಕಾರ ಮಾಡಿ, ಶೀರ್ಷಿಕೆಯನ್ನು ಬೋರ್ಡಿನ ಮೇಲೆ ಬರೆದು ತಿರುಗಿದೆ. ಅಷ್ಟೇ. ಎಷ್ಟೋ ಸಲ ಹೇಳಿದ ಪಾಠ, ತಲೆಯಲ್ಲಿ ಒಂದು ಪದವೂ ಇಲ್ಲ. ಸಮಿತಿಯಲ್ಲೊಬ್ಬರು ಗಡಿಯಾರ ನೋಡಿಕೊಂಡರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಕೊನೆಯ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು.

“ಮೇಡಂ, ನನಗ ತಿಳೀಲಿಲ್ರಿ. ಕಾಲುವಿ ನೀರು ಬಿಟ್ಟಷ್ಟೂ ಭತ್ತ ಹೆಚ್ಚಿಗಿ ಬೆಳೀತದಲ್ರಿ. ಮತ್ತ ಕಡಿಮಿ ಯಾಕ ಆಗ್ತದ?”

ಉಳಿದ ಅಭ್ಯರ್ಥಿಗಳು ಮುಸಿಮುಸಿ ನಕ್ಕರು. ದಕ್ಷಿಣದ ಕಡೆಯಿಂದ ಬಂದಿದ್ದ ವಿಷಯ ತಜ್ಞರು ಕುರ್ಚಿಯಲ್ಲೇ ತಿರುಗಿದರು. “ನೀವೂ ಅಭ್ಯರ್ಥಿಯೇ ಅಲ್ವೇ? ಎಷ್ಟು ವರ್ಷದಿಂದ ಪಾಠ ಮಾಡ್ತಿದ್ದೀರಿ?”

“ಹದಿಮೂರು ವರ್ಷ ಆತ್ರಿ ಸರ್.”

“ಇದು ಗೊತ್ತಿಲ್ವೇ?”

“ಇಲ್ರಿ ಸರ್” ಅಂದರು ದೊಡ್ಡ ಮೇಡಂ. ಅದೇ ಮುಗ್ಧ ಮುಖ. ತಜ್ಞರು ಹುಬ್ಬು ಗಂಟಿಕ್ಕಿ ಕಾಗದದ ಮೇಲೆ ಏನೋ ಗೀಚಿಕೊಂಡರು.

ನಾನು ಅದನ್ನು ನೋಡಿದೆ. ನೋಡುತ್ತಿರುವಾಗಲೇ ನನ್ನ ಬಾಯಿ ತೆರೆದಿತ್ತು. ನಮ್ಮವ್ವ ನಾಟಿಗೆ ಹೋಗುತ್ತಿದ್ದ ಗದ್ದೆಗಳು ಕಣ್ಣ ಮುಂದೆ ಬಂದವು. ಮೊದಲ ನೀರಿಗೆ ಪೈರು ಹೇಗೆ ಎದ್ದು ನಿಲ್ಲುತ್ತದೆ, ಆಮೇಲಿನ ನೀರಿಗೆ ಅಷ್ಟು ಏಳುವುದಿಲ್ಲ, ಕಾಲುವೆ ಪಕ್ಕದಲ್ಲಿ ಬೇಕಾಬಿಟ್ಟಿ ನೀರು ನಿಲ್ಲಿಸಿದ ಕಪ್ಪು ನೆಲ ಕೊನೆಗೆ ಸವಳು ಬಂದು ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿ, ಭತ್ತವನ್ನೇ ಒಲ್ಲೆನ್ನುತ್ತದೆ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಬೋರ್ಡಿನ ಮೇಲೆ ರೇಖೆ ಎಳೆದೆ. ಏರಿ, ಬಾಗಿ, ಇಳಿಯುವ ರೇಖೆ. ಮುಗಿದಾಗ ಗಡಿಯಾರ ನೋಡಿಕೊಂಡಿದ್ದವರು ಇನ್ನೂ ಸ್ವಲ್ಪ ಹೇಳಿ ಅಂದರು.

ನನ್ನ ನಂತರ ದೊಡ್ಡ ಮೇಡಂ ಪಾಠ ಮಾಡಿದರು. ನಾನು ಕೇಳಿದ ಪಾಠಗಳಲ್ಲೇ ಅದು ಒಳ್ಳೆಯದು. ಆದರೆ ತಜ್ಞರು ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ನೋಡುತ್ತಿದ್ದರು. ಅವರ ತೀರ್ಮಾನ ಆಗಿಹೋಗಿತ್ತೋ, ಬಿಸಿಲಿಗೆ ಬೇಸತ್ತಿದ್ದರೋ, ಯಾರಿಗೆ ಗೊತ್ತು. ಆ ಒಂದು ಪ್ರಶ್ನೆಯಿಂದಲೇ ಎಲ್ಲ ಆಯಿತು ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ನೇಮಕದ ಆದೇಶ ಮಾತ್ರ ನನ್ನ ಹೆಸರಿಗೆ ಬಂತು.

ಸುದ್ದಿ ಕೇಳಿ ಅವರು ಮುದನಾಳಕ್ಕೇ ಬಂದರು. ನಮ್ಮ ಓಣಿಗೆ ಬಂದು, ನಮ್ಮ ಮನೆಯಲ್ಲಿ ಕೂತು ಉಂಡ ಮೊದಲ ಸಹೋದ್ಯೋಗಿ ಅವರು. “ನಿಮ್ಮ ಗದ್ದಿ ಸುದ್ದಿ ಹೇಳೇ ನಿಮ್ಮ ಮಗಳು ನೌಕರಿ ಗೆದ್ದಾಳ ನೋಡ್ರಿ” ಎಂದು ಅವ್ವನ ಕೈ ಹಿಡಿದರು. ಅವ್ವ ನಾಚಿ ಇನ್ನೊಂದು ರೊಟ್ಟಿ ಹಾಕಿದಳು. ಅಂದು ಅವರ ನಗೆಯಲ್ಲಿ ಕೊರತೆ ಹುಡುಕಿದೆ… ಸಿಗಲಿಲ್ಲ.

ಜೂನ್ ಬಂತು. ಕಾಯಂ ಉಪನ್ಯಾಸಕಿ ಬಂದ ಮೇಲೆ ತಾಸುಗಳೆಲ್ಲ ಅವಳಿಗೇ, ಅರೆಕಾಲಿಕರಿಗೆ ಉಳಿಯುವುದೇನು? ದೊಡ್ಡ ಮೇಡಂಗೆ ಕರೆ ಬರಲಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರು ಮನೆಗೆ ಎಂಬ ಲೆಕ್ಕ ಹದಿಮೂರು ವರ್ಷ ಆ ಕಚೇರಿ ಕಂಡವರಿಗೆ ಗೊತ್ತಿರದೆ ಇರುತ್ತದೆಯೇ? ಗೊತ್ತಿದ್ದೇ ಕೈ ಎತ್ತಿದ್ದರು. ನನಗಿಂತ ಅವರೇ ಆ ಹುದ್ದೆಗೆ ಯೋಗ್ಯರು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ಇಬ್ಬರ ಪಾಠವನ್ನೂ ಕೇಳಿದ ಯಾವ ವಿದ್ಯಾರ್ಥಿಯನ್ನು ಬೇಕಾದರೂ ಕೇಳಿ.

ಅವರು ಸುರಪುರದ ಒಂದು ಖಾಸಗಿ ಹೈಸ್ಕೂಲಿಗೆ ಸೇರಿದರು. ಆಮೇಲೆ ಮನೆಯ ಪಡಸಾಲೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ನನ್ನ ಪಿಎಚ್.ಡಿ. ಮುಗಿದಾಗ ಹೋಗಿ ಕಾಲಿಗೆ ಬಿದ್ದೆ. ಅಂದು ಧೈರ್ಯ ಮಾಡಿ ಕೇಳಿದೆ: ಅವತ್ತು ಆ ಪ್ರಶ್ನೆ ಯಾಕೆ ಕೇಳಿದಿರಿ ಎಂದು. ಮಕ್ಕಳ ಪಾಟಿ ಒರೆಸುತ್ತಿದ್ದವರು ನನ್ನ ಕಡೆ ನೋಡಿದರು. “ಅವತ್ತು ನನಗ ಖರೇನ ಗೊತ್ತಿರಲಿಲ್ಲವಾ” ಅಂದರು. ನಗುತ್ತಾ ಒಳಗೆ ಹೋಗಿ ಚಹಾಕ್ಕೆ ಇಟ್ಟರು.

ಹಿಂದಿನ ವಾರ ಅವರು ಹೋದ ಮೇಲೆ, ಕಾಲೇಜಿನಲ್ಲಿ ಸಂತಾಪ ಸಭೆ ಮಾಡೋಣ ಎಂದು ಕೇಳಿದ್ದೆ. ಅದೇ ಮಂಗಳವಾರ ಮಧ್ಯಾಹ್ನ ಕಚೇರಿಯಿಂದ ಉತ್ತರ ಬಂತು. “ಅವ್ರು ನಮ್ಮ ಸ್ಟಾಫ್ ಅಲ್ಲಲ್ರಿ ಮೇಡಂ. ರೆಕಾರ್ಡಿನ್ಯಾಗ ಎಲ್ಲಿ ಅದಾರ್ರಿ?” ಗುಮಾಸ್ತನ ತಪ್ಪೇನಿಲ್ಲ, ಅವನು ನಿಯಮ ಹೇಳಿದ. ನಾನು ಎದ್ದು ಕ್ಲಾಸಿಗೆ ಹೋದೆ. ಹೋಗಿ, ಒಬ್ಬ ಮೇಡಂ ತೀರಿಕೊಂಡಿದ್ದಾರೆ, ಒಂದು ನಿಮಿಷ ಎದ್ದು ನಿಲ್ಲೋಣ ಅಂದೆ.

“ಯಾವ ಮೇಡಂರಿ?” ಕೇಳಿದಳು ಒಬ್ಬ ಹುಡುಗಿ. “ನಮ್ಮ ಕಾಲೇಜಿನ್ಯಾಗ ಏನಾಗಿದ್ದರ್ರಿ ಅವ್ರು?”

ಉಪನ್ಯಾಸಕಿ ಅನ್ನಲೇ, ಅರೆಕಾಲಿಕ ಅನ್ನಲೇ…

“ಏನೂ ಆಗಲಿಲ್ಲವಾ” ಅಂದೆ. “ಅವರು ಆಗಬೇಕಾದ್ದು ನಾ ಆಗೇನಿ.”

ಮಕ್ಕಳಿಗೆ ಎಷ್ಟು ತಿಳಿಯಿತೋ ಕಾಣೆ. ಎಲ್ಲರೂ ಎದ್ದು ನಿಂತರು. ನಿಮಿಷ ಮುಗಿದ ಮೇಲೂ ನಾನು ಕೂಡ್ರಿ ಎಂದು ಹೇಳಲಿಲ್ಲ. ಮಕ್ಕಳು ನಿಂತೇ ಇದ್ದರು.