ರಕ್ತ ತೆಗೆಯುವ ಕೈ, ಬೈಯದ ಬಾಯಿ

ಬೆಳಗಾದರೂ ಆಸ್ಪತ್ರೆಯ ಕಾರಿಡಾರಿನ ದೀಪ ಇನ್ನೂ ಆರಿಸಿಲ್ಲ. ಸಿಗರೇಟು ಬಿಡಿಸುವ ವಿಭಾಗದಲ್ಲಿ ಲಾರಿ ಚಾಲಕನೊಬ್ಬ ಮುಖ ಅತ್ತ ತಿರುಗಿಸಿ ತೋಳು ಚಾಚಿದ್ದಾನೆ. ರಬ್ಬರ್ ಕಟ್ಟು ಬಿಗಿದು ನರ ತಡಕುತ್ತಲೇ ರಕ್ತ ತೆಗೆಯುವಾಕೆ ಅವನ ಮಗಳ ಓದಿನ ಮಾತು ತೆಗೆಯುತ್ತಾರೆ. ಅವನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಹತ್ತಿ ಒತ್ತಿಯಾಗಿದೆ. ಚುಚ್ಚಿದ್ದೇ ಗೊತ್ತಾಗಲಿಲ್ಲವೆಂದು ಅವನು ಪೆಚ್ಚಾಗಿ ನಗುತ್ತಾನೆ.

ಆಸ್ಪತ್ರೆಗೆಲ್ಲ ಆಕೆ ಸೂಜಿಯಕ್ಕ. ಮಧ್ಯಾಹ್ನದೊಳಗೆ ಇಂಥ ಮೂವತ್ತು ತೋಳುಗಳಾದರೂ ಆಗುತ್ತವೆ. ಸಂಜೆಗೆ ಸೊಂಟ ಮಾತು ಕೇಳುವುದಿಲ್ಲ. ಆದರೆ ಆಕೆಯನ್ನು ಹೆಚ್ಚು ಹಣ್ಣು ಮಾಡಿದ್ದು ಮನೆಯ ಊಟದ ಹೊತ್ತು.

ಗಂಡ ಬೇಕರಿಯ ಒಲೆಯ ಮುಂದೆ ದುಡಿಯುವವರು. ಸಿಗರೇಟು ಬಿಡುತ್ತೇನೆಂದು ತೋಳಿಗೆ ಚಪಲ ತಗ್ಗಿಸುವ ನಿಕೋಟಿನ್ ಪಟ್ಟಿ ಅಂಟಿಸಿಕೊಂಡು ಹೋದವರು, ಸಂಜೆ ಹೊಗೆಯ ವಾಸನೆಯೊಂದಿಗೇ ಮರಳುತ್ತಿದ್ದರು. ಮಾವನೋ, ಮೊಮ್ಮಗಳು ಹುಟ್ಟಿದ ದಿನ ಬಿಟ್ಟವರು ಮತ್ತೆ ಮುಟ್ಟಿದವರಲ್ಲ. ಮಗನಿಗೆ ಮನಸ್ಸೇ ಗಟ್ಟಿಯಿಲ್ಲವೆಂದು ತಟ್ಟೆಯ ಮುಂದೆಯೇ ಹಂಗಿಸುವರು. ಮಗ ಅರ್ಧ ಊಟಕ್ಕೆ ಎದ್ದು, ಸಿಗರೇಟು ಸೇದಲೆಂದೇ ಹೊರಗೆ ಹೋಗುವರು. ಸೊಸೆ ಅಡಕತ್ತರಿಯಲ್ಲಿ ಸಿಕ್ಕಿಬಿದ್ದಿದ್ದರು.

ಈ ವಿಭಾಗಕ್ಕೆ ಬಂದ ಮೇಲೆ ಆಕೆಗೆ ಹೊಸ ಸಂಗತಿಯೊಂದು ತಿಳಿಯಿತು. ನಿಕೋಟಿನನ್ನು ಕೆಲವರ ದೇಹ ಬೇಗ ಕರಗಿಸಿಬಿಡುತ್ತದೆ, ಕೆಲವರದು ನಿಧಾನ. ಹುಟ್ಟಿನಿಂದ ಬಂದ ಜೀನ್ ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಬೇಗ ಕರಗಿಸುವವರಿಗೆ ಚಪಲ ಬೇಗ ಮರಳುತ್ತದೆ, ಪಟ್ಟಿ ಅನೇಕ ಸಲ ಸಾಲದು. ಆಕೆ ಗಂಡನನ್ನು ಕರೆತಂದು ತಾವೇ ರಕ್ತ ತೆಗೆದರು. ಅವರದು ಬೇಗ ಕರಗಿಸುವ ದೇಹ. ವೈದ್ಯರು ಪಟ್ಟಿ ಬಿಡಿಸಿ, ನಿಕೋಟಿನ್ ಇಲ್ಲದ ಬೇರೆ ಮಾತ್ರೆ ಕೊಟ್ಟರು.

"ಎಲ್ಲಾ ರಕ್ತದ ಮೇಲೆ ಹಾಕಿಬಿಟ್ರೆ ಆಯ್ತಾ?" ಎಂದರು ಮಾವ.

"ನಿಮ್ಮದೂ ನೋಡೋಣ, ಬನ್ನಿ ಮಾವ," ಎಂದರು ಸೊಸೆ.

ಹಿರಿಯರು ಹಟಕ್ಕೆ ಬಿದ್ದು ತೋಳು ಕೊಟ್ಟರು. ಜೀನ್ ಪರೀಕ್ಷೆಯಲ್ಲಿ ಅವರದು ನಿಧಾನದ ದೇಹವೆಂದು ಬಂತು; ಮಗನಿಗೆ ತಾಯಿಯ ಕಡೆಯ ಜೀನೂ ಸೇರಿರುತ್ತದಲ್ಲ. ನಿಮ್ಮ ಮನಸ್ಸು ಗಟ್ಟಿ ಇದ್ದದ್ದು ನಿಜ, ದೇಹವೂ ಕೈಹಿಡಿದಿರಬೇಕು ಎಂದರು ವೈದ್ಯರು. ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಮಾವ ಮಗನ ಮುಖ ನೋಡದೆಯೇ ಹೇಳಿದರು: "ನನಗೆ ಅಷ್ಟು ಕಷ್ಟ ಆಗಿರ್ಲಿಲ್ಲ ಕಣೋ. ನಿನಗೂ ಹಾಗೇ ಅಂದ್ಕೊಂಡಿದ್ದೆ."

ಅಂದು ಮಗ ಊಟ ಮುಗಿಸಿಯೇ ಎದ್ದರು.

ಈಗ ಗಂಡ ಸಿಗರೇಟು ಬಿಟ್ಟು ವರ್ಷವಾಗುತ್ತಾ ಬಂದಿದೆ. ನಡುವೆ ಒಮ್ಮೆ ಗೆಳೆಯನ ಮನೆಯಲ್ಲಿ ಜಾರಿ ಒಂದು ಸೇದಿದವರು, ತಾವಾಗಿಯೇ ಬಂದು ಹೇಳಿಕೊಂಡರು. ಮಾವ ಪೇಪರಿನಿಂದ ತಲೆ ಎತ್ತದೆ, ನಾಳೆಯಿಂದ ಮತ್ತೆ ನೋಡು ಎಂದರಂತೆ.

ಹೊಗಳಿದರೆ ಸೂಜಿಯಕ್ಕ ಕೈಗವಸು ಕಳಚುವ ನೆಪದಲ್ಲಿ ತಲೆ ತಗ್ಗಿಸುತ್ತಾರೆ. "ಔಷಧಿ ಕೊಡೋದು ಡಾಕ್ಟರು, ಬಿಡೋದು ಅವರವರೇ. ಇಲ್ಲಿಗೆ ಬರೋರು ಮನೇಲಿ ಬೈಸಿಕೊಂಡೇ ಬಂದಿರ್ತಾರೆ. ನನ್ನ ಹತ್ರ ಮಾತ್ರ ಯಾರೂ ಬೈಸಿಕೊಂಡಿಲ್ಲ."