ಟಾಕಿ ಹಾಕಿಸಿದ ಏಳು ಫರ್ಶಿ

ಅವ್ವ ಜಾರಿ ಬಿದ್ದಾಗ ನಾನು ಅವಳಿಂದ ಎರಡು ಮಾರು ದೂರದಲ್ಲಿದ್ದೆ. ಕೈಯಲ್ಲಿ ಚಹಾದ ಕಪ್ಪಿತ್ತು. ಅದನ್ನು ಕಟ್ಟೆಯ ಮೇಲಿಟ್ಟು ಓಡಿದೆ, ಎಸೆದು ಓಡಬೇಕಿತ್ತು. ಆ ಇಟ್ಟ ಕ್ಷಣ ಈಗಲೂ ನನ್ನನ್ನು ಬಿಟ್ಟಿಲ್ಲ. ಅವಳ ಎಡ ಮಣಿಕಟ್ಟು ಮುರಿದಿತ್ತು.

"ಚಹಾ ಚೆಲ್ಲಲಿಲ್ಲಲ್ಲ, ಛಲೋ ಆತು," ಎಂದಳು, ನೆಲದ ಮೇಲೆ ಕುಳಿತೇ.

ಗೋಕಾಕದ ನಮ್ಮ ಮನೆಗೆ, ಅವಳು ಜಾರಿದ ಆ ಹೊಳೆಯುವ ಟೈಲ್ಸ್ ಹಾಕಿಸಿದವನು ನಾನೇ. ಕೈ ಕೂಡಿಕೊಂಡ ಮೇಲೂ ಅವ್ವ ಬಚ್ಚಲಿನಿಂದ ಅಡುಗೆಮನೆಗೆ ಒಬ್ಬಳೇ ನಡೆಯಲಿಲ್ಲ. ಗೋಡೆ ಹಿಡಿದು ನಿಂತು ನನ್ನನ್ನು ಕರೆಯುತ್ತಿದ್ದಳು. ರೊಟ್ಟಿ ತಟ್ಟುವುದನ್ನೂ ಬಿಟ್ಟಳು. ಅಷ್ಟು ದಾರಿಯ ಟೈಲ್ಸ್ ಕೀಳಿಸಿ ಶಹಾಬಾದಿ ಫರ್ಶಿ ಕಲ್ಲು ಹಾಸಿಸಲು ನಿಶ್ಚಯಿಸಿದೆ. ಬೇಕಾದದ್ದು ಏಳು. ಒಂದು ಹೆಚ್ಚಿಗೆ ಇರಲೆಂದು ಹುಕ್ಕೇರಿಗೆ ಹೋಗಿ ಎಂಟು ಆರಿಸಿದೆ. ಪಾಲಿಶ್ ಮಾಡಿಸೋಣವೇ ಎಂದು ಅಂಗಡಿಯವರು ಕೇಳಿದರು. ಹೂಂ ಅಂದೆ.

ಮೇಲವಂಕಿಯಿಂದ ಬಂದ ಗಾರೆ ಕೆಲಸದ ಗೌಂಡಿ ಒಂದು ಕಲ್ಲಿನ ಮೇಲೆ ನೀರು ಸುರಿದು ಅಂಗೈ ಆಡಿಸಿದ.

"ಸಾಹೇಬ್ರ, ಇದು ಅವ್ವಾರಿಗ್ರಿ, ಏನ್ ಬೀಗರಿಗೆ ತೋರ್ಸಾಕ್ರಿ?"

"ಅವ್ವಗ."

"ಮತ್ತ ಇನ್ನೊಂದ್ ಕೈ ಮುರಸಾಕ ಪಾಲಿಶ್ ಮಾಡ್ಸೀರೇನ್ರಿ?"

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅವ್ವ ನಕ್ಕಳು. "ಸಣ್ಣಾಂವ ಇದ್ದಾಗಿಂದ ಹಂಗ. ಎಲ್ಲಾದ್ರಾಗೂ ತನ್ನ ಮಾರಿ ಕಾಣ್ಬೇಕು."

ನನಗೆ ನಗು ಬರಲಿಲ್ಲ. ಕಲ್ಲು ವಾಪಸು ಒಯ್ಯುತ್ತೇನೆ ಎಂದೆ.

"ಯಾಕ? ಬೀಸುಕಲ್ಲು ನುಣ್ಣಗಾದ್ರ ಹೊಸಾದ್ ತರ್ತಿದ್ವೇನು? ಟಾಕಿ ಹಾಕಸ್ತಿದ್ವಿ," ಎಂದಳು ಅವ್ವ.

ಸವೆದ ಬೀಸುಕಲ್ಲಿಗೆ ಉಳಿಯಿಂದ ಸಣ್ಣ ಸಣ್ಣ ಕಚ್ಚು ಹೊಡೆದು ಮತ್ತೆ ಒರಟು ಮಾಡುವುದೇ ಟಾಕಿ. ಫರ್ಶಿಗೆ ಟಾಕಿ ಹಾಕಿದ್ದನ್ನು ಗೌಂಡಿ ನೋಡಿರಲಿಲ್ಲ. ಆದರೂ ಕಲ್ಲನ್ನು ಮರಳಿನ ಮೇಲೆ ಮಲಗಿಸಿ ಹೊಡೆಯತೊಡಗಿದ. ಮೊದಲನೆಯದು ಒಡೆಯಿತು.

"ಬಟ್ಟಿ ಒಗ್ಯಾಕ ಆತು. ಮುಂದಿಂದು ತಗೋ ತಮ್ಮಾ," ಎಂದಳು ಅವ್ವ. "ಭಾಳ ಆಳ ಹೋಗಬ್ಯಾಡ, ಕಸಾ ಕುಂದರ್ತೈತಿ."

ಇನ್ನು ಹೆಚ್ಚಿನ ಕಲ್ಲು ಇರಲಿಲ್ಲ. ನಾನು ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿದ್ದೆ. ಏಳೂ ಉಳಿದವು.

ಮರುದಿನ ಹಾಸುವಾಗ ಗೌಂಡಿ ಪ್ರತಿ ಕಲ್ಲನ್ನೂ ಮರದ ಸುತ್ತಿಗೆಯಿಂದ ಬಡಿದು, ಕೆಳಗೆ ಪೊಳ್ಳಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದ.

"ಕಲ್ಲಂಗಡಿ ಆರಸಾಕತ್ತೀಯೇನೋ?" ಅಂದಳು ಅವ್ವ.

"ಹಣ್ಣಾಗೈತ್ರಿ ಅವ್ವಾರ, ಹೆಚ್ಚೂದೊಂದ ಬಾಕಿ."

ನಾಲ್ಕು ದಿನ ಅದರ ಮೇಲೆ ಕಾಲಿಡಬೇಡಿ ಎಂದು ಹೇಳಿ ಹೋದ. ನಾಲ್ಕೂ ದಿನ ಹಿತ್ತಲಿನಿಂದ ಸುತ್ತಿ ಬಚ್ಚಲಿಗೆ ಹೋದೆವು. ಐದನೆಯ ದಿನ ಬೆಳಿಗ್ಗೆ ಅವ್ವ ಸ್ನಾನ ಮುಗಿಸಿ ಬಚ್ಚಲ ಬಾಗಿಲಲ್ಲಿ ನಿಂತಳು. ಕರೆಯಲಿಲ್ಲ. ನಾನಾಗಿಯೇ ಹೋಗಿ ಎರಡೂ ಕೈ ಚಾಚಿ, ಅವಳಿಗೆ ಎದುರಾಗಿ ನಿಂತೆ. ಅವಳು ಒದ್ದೆ ಪಾದವನ್ನು ಮೊದಲ ಕಲ್ಲಿನ ಮೇಲಿಟ್ಟು ಬೆರಳಾಡಿಸಿ ನೋಡಿದಳು. ಗೋಡೆಯಿಂದ ಕೈ ತೆಗೆದಳು. ಎರಡು. ಮೂರು. ನಾನು ಹಿಂದಕ್ಕೆ ಸರಿಯುತ್ತಿದ್ದೆ. ನಾಲ್ಕನೆಯದರ ಮೇಲೆ ನಿಂತಳು.

"ಯಾಕೋ, ಭಿಕ್ಷಾ ಬೇಡಾವ್ರಂಗ ಕೈ ಒಡ್ಡೀದಿ? ಜೋಳಗಿ ಒಂದ ಕಡಿಮಿ ಐತಿ ನೋಡು."

ಕೈ ಇಳಿಸಲು ಆಗಲಿಲ್ಲ. ಅವಳು ಹೆಗಲ ಮೇಲಿನ ಒದ್ದೆ ಟವೆಲ್ಲನ್ನು ಅವುಗಳ ಮೇಲೆ ಹಾಕಿ, ನನ್ನನ್ನು ಮೊಣಕೈಯಿಂದ ಬದಿಗೆ ಸರಿಸಿ ಮುಂದೆ ಹೋದಳು. ಏಳನೆಯ ಕಲ್ಲಿನಾಚೆ, ಅಡುಗೆಮನೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.